ಗಡಿಯಾರ ತೋರಿಸಿದ ಬೀದರಿನ ಕಾಕಾ ಅವರಿಗೆ

ಕಾಕಾ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ದಸರಾ ರಜೆಯಲ್ಲಿ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಇಬ್ಬರು ಮಕ್ಕಳ ಜೊತೆ ಒದ್ದಾಡುತ್ತಿದ್ದ ಹುಬ್ಬಳ್ಳಿಯವರು ನಾವು.

ತಪ್ಪು ನಮ್ಮದೇ. ಟಿಕೆಟ್ ತೆಗೆದುಕೊಂಡಿದ್ದೇವೆ, ಎಲ್ಲಾ ನೋಡಲೇಬೇಕು ಅಂತ ಮಕ್ಕಳನ್ನು ಕೋಣೆಯಿಂದ ಕೋಣೆಗೆ ಓಡಿಸುತ್ತಿದ್ದೆವು. ಚಿಕ್ಕವಳು ಪಿಂಗಾಣಿ ತಟ್ಟೆಗಳ ಮುಂದೆ ನೆಲಕ್ಕೆ ಕೂತು ರಾಗ ತೆಗೆದಾಗ ನೀವು ಬಂದಿರಿ. ನಮ್ಮ ಮಾತು ಕೇಳಿ, 'ನಾನೂ ಕನ್ನಡದವನೇ, ಬೀದರಿನವ, ಎಲ್ಲಾ ಬಿಡ್ರಿ, ಮಕ್ಕಳಿಗೆ ಮೂರೇ ಮೂರು ತೋರಿಸ್ರಿ' ಎಂದಿರಿ.

ಮೊದಲು ಆ ಮರದ ಜೋಡಿ ಶಿಲ್ಪ. ಮುಂದಿನಿಂದ ಜರ್ಮನ್ ನಾಟಕ 'ಫೌಸ್ಟ್'ನ ಗತ್ತಿನ ಸೈತಾನ ಮೆಫಿಸ್ಟೋಫಿಲಿಸ್, ಹಿಂದಿನ ಕನ್ನಡಿಯಲ್ಲಿ ನೋಡಿದರೆ ಅದೇ ನಾಟಕದ ಹುಡುಗಿ, ತಲೆ ತಗ್ಗಿಸಿದ ಮಾರ್ಗರೆಟಾ, ಎರಡೂ ಒಂದೇ ಮರದಲ್ಲಿ! ಮಗ ಸುಮ್ನೆ ಹತ್ತು ಸಲ ಅತ್ತಿಂದಿತ್ತ ಓಡಿದ. ಆಮೇಲೆ ಇಟಲಿಯ ಶಿಲ್ಪಿ ಬೆಂಜೋನಿ ಕೆತ್ತಿದ, ಬೈಬಲ್ ಕಥೆಯ ರೆಬೆಕಾ. ಅಮೃತಶಿಲೆಯಲ್ಲಿ ತೆಳು ಮುಸುಕು ಹೇಗೆ ಮಾಡಿದರೋ, ನನಗಂತೂ ಇನ್ನೂ ಅರ್ಥವಾಗಿಲ್ಲ.

ಕೊನೆಗೆ ಗಡಿಯಾರ. 12 ಗಂಟೆಗೇ ನೋಡಬೇಕು, ಆಗಲೇ ಜಾಸ್ತಿ ಬಾರಿಸೋದು ಅಂತ ಮೊದಲೇ ಕರೆದೊಯ್ದು ಮುಂದೆ ಕೂರಿಸಿದಿರಿ. ಗಡ್ಡದ ಪುಟ್ಟ ಗೊಂಬೆ ಗಡಿಯಾರದ ಬಾಗಿಲಿಂದ ಹೊರಬಂದು ಗಂಟೆ ಬಾರಿಸಿದಾಗ ಇಡೀ ಗುಂಪಿನ ಜೊತೆ ಮಗಳೂ ಹನ್ನೆರಡರ ತನಕ ಎಣಿಸಿದಳು. ತಿರುಗಿ ನೋಡಿದರೆ ನೀವು ಇರಲಿಲ್ಲ.

ತುಂಬಾ ಥ್ಯಾಂಕ್ಸ್ ರೀ ಕಾಕಾ. ಈಗ ಮಗಳು ಮನೆಯಲ್ಲಿ ಗಂಟೆಗೊಮ್ಮೆ ಚಮಚದಿಂದ ತಟ್ಟೆ ಬಾರಿಸುತ್ತಾಳೆ, ಅದಕ್ಕೂ ನೀವೇ ಕಾರಣ!