ಫಿಲ್ಮ್ ತೊಳೆಯುವ ಮೊದಲು ನೀರು ನೋಡು

ಚಿತ್ರದುರ್ಗ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನೀನು ಹಳೇ ಫಿಲ್ಮ್ ಕ್ಯಾಮೆರಾ ಕೊಂಡಿದ್ದೀಯ, ದಾವಣಗೆರೆ ಮನೆಯಲ್ಲೇ ಫಿಲ್ಮ್ ತೊಳೆಯಬೇಕು ಅಂತ ಹೊರಟಿದ್ದೀಯ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಕೇಳಿ ತುಂಬಾ ಸಂತೋಷವಾಯಿತು. ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಯುವುದು ನಿಮ್ಮ ಮಾವನ ಕೆಲಸ, ತೊಳೆದು ಪ್ರಿಂಟ್ ಹಾಕುವುದು ನನ್ನ ಕೆಲಸ. ಲೆನ್ಸು, ಶಟರ್ ವಿಷಯ ಅವರನ್ನೇ ಕೇಳು. ಡಾರ್ಕ್‌ರೂಮಿನದ್ದು ನಾನು ಬರೆಯುತ್ತೇನೆ.

ಮೊದಲು ನೀರಿನ ವಿಷಯ. ಫಿಲ್ಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣ 20 ಡಿಗ್ರಿ ಇರಬೇಕು ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ನಿಮ್ಮೂರಲ್ಲಿ ಏಪ್ರಿಲ್ ತಿಂಗಳಲ್ಲಿ ತಾರಸಿ ಟ್ಯಾಂಕಿನ ನೀರು ಮುಟ್ಟಿದರೆ ಕೈಗೇ ಬಿಸಿ ತಾಗುತ್ತದೆ. ಆ ನೀರಲ್ಲಿ ತೊಳೆದರೆ ಡೆವಲಪರ್ ಅತಿ ಬೇಗ ಕೆಲಸ ಮಾಡಿಬಿಡುತ್ತದೆ, ಫಿಲ್ಮಿನ ಮೇಲಿನ ಜೆಲಟಿನ್ ಮೆತ್ತಗಾಗುತ್ತದೆ, ಉಗುರು ತಾಗಿದರೂ ಗೀರು ಬೀಳುತ್ತದೆ. 20ಕ್ಕೆ ಇಳಿಸಲು ಒದ್ದಾಡಬೇಡ. 24 ಡಿಗ್ರಿ ಇಟ್ಟುಕೊಂಡು ಹೊತ್ತು ಕಡಿಮೆ ಮಾಡು. ಡಿ-76 ಅನ್ನುವ ಡೆವಲಪರಿಗೆ ಅಷ್ಟೇ ನೀರು ಬೆರೆಸಿದರೆ ಎಚ್‌ಪಿ5 ಫಿಲ್ಮಿಗೆ 20 ಡಿಗ್ರಿಯಲ್ಲಿ 11 ನಿಮಿಷ ಬೇಕು. 24ರಲ್ಲಿ ಎಂಟು ನಿಮಿಷದ ಆಸುಪಾಸಿಗೆ ಮುಗಿಯುತ್ತದೆ. ಐದು ನಿಮಿಷಕ್ಕಿಂತ ಕಡಿಮೆ ಹೊತ್ತಿಗೆ ಮಾತ್ರ ಇಳಿಯಬೇಡ, ಆಕಾಶವಿರುವ ಕಡೆಯೆಲ್ಲ ಪಟ್ಟೆ ಪಟ್ಟೆ ಬರುತ್ತದೆ.

ತಣ್ಣಗೆ ಮಾಡಲು ಐಸನ್ನು ಡೆವಲಪರಿಗೇ ಹಾಕಬೇಡ, ನೀರಾಗುತ್ತದೆ. ಬೋಗುಣಿಯಲ್ಲಿ ನೀರು ತುಂಬಿ, ಫ್ರಿಜ್ಜಿನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿ ಬಿಟ್ಟು, ಅದರೊಳಗೆ ನಿನ್ನ ಬಾಟಲಿಗಳನ್ನು ನಿಲ್ಲಿಸು. ಕರೆಂಟ್ ಇಲ್ಲದ ದಿನ ನಾವು ಬೋಗುಣಿಗೆ ಮಣ್ಣಿನ ಗಡಿಗೆಯ ನೀರು ಹಾಕುತ್ತಿದ್ದೆವು. ನಮ್ಮ ಕಡೆ ಗಾಳಿ ಒಣ, ಗಡಿಗೆ ಚೆನ್ನಾಗಿ ತಂಪಾಗುತ್ತದೆ. ಡೆವಲಪರ್, ಚಿತ್ರವನ್ನು ಉಳಿಸುವ ಹೈಪೋ (ಫಿಕ್ಸರ್ ಅನ್ನುವುದೂ ಇದನ್ನೇ), ಕೊನೆಯ ತೊಳೆಯುವ ನೀರು ಎಲ್ಲವೂ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿರಲಿ. ಒಂದರಿಂದ ತೆಗೆದು ಸುಡುಬಿಸಿಲಿನ ನಲ್ಲಿ ನೀರಿಗೆ ಹಾಕಿದರೆ ಜೆಲಟಿನ್ ಸುಕ್ಕುಗಟ್ಟುತ್ತದೆ. ಅದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ.

ಇನ್ನು ಬೋರ್‌ವೆಲ್ ನೀರು. ಗಡಸು ನೀರು ಫಿಲ್ಮಿನ ಮೇಲೆ ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ. ಪ್ರಿಂಟಿನಲ್ಲಿ ಅದು ಮುಖದ ಮೇಲೆಯೇ ಬಂದು ಕೂರುತ್ತದೆ. ಡೆವಲಪರ್ ಕಲೆಸಲು ಮತ್ತು ಕೊನೆಯ ಅದ್ದುವಿಕೆಗೆ ಡಿಸ್ಟಿಲ್ಡ್ ವಾಟರ್ ತಂದಿಡು. ಮಧ್ಯದ ತೊಳೆಯುವಿಕೆಗೆ ನಲ್ಲಿ ನೀರು ಸಾಕು. ನಲ್ಲಿ ತೆರೆದಿಟ್ಟು ಅರ್ಧ ಗಂಟೆ ಬಿಡುವುದು ನಮ್ಮ ಜಿಲ್ಲೆಗಳಲ್ಲಿ ಪಾಪದ ಕೆಲಸ. ಇಲ್‌ಫೋರ್ಡ್ ಕಂಪನಿ ಹೇಳಿಕೊಟ್ಟ ಕ್ರಮ ಇದೆ: ಫಿಲ್ಮ್ ಇರುವ ಡೆವಲಪಿಂಗ್ ಟ್ಯಾಂಕ್ ತುಂಬಿಸಿ ಐದು ಸಲ ತಿರುಗಿಸಿ ಚೆಲ್ಲು, ಮತ್ತೆ ತುಂಬಿಸಿ ಹತ್ತು ಸಲ, ಮತ್ತೆ ಇಪ್ಪತ್ತು ಸಲ. ಅಷ್ಟೇ ನೀರು. ಜೆಲಟಿನ್ ಗಟ್ಟಿ ಮಾಡುವ ಹಾರ್ಡನರ್ ಇಲ್ಲದ ಫಿಕ್ಸರಿಗೆ ಮಾತ್ರ ಇದು ಸಾಲುತ್ತದೆ, ನೆನಪಿಡು.

ಸಿನಿಮಾದಲ್ಲಿ ಕೆಂಪು ಬಲ್ಬ್ ಹಾಕಿಕೊಂಡು ಎಲ್ಲ ಕೆಲಸ ಮಾಡುತ್ತಾರೆ, ಅದನ್ನು ನಂಬಬೇಡ. ಕೆಂಪು ಬೆಳಕು ಪ್ರಿಂಟ್ ಕಾಗದಕ್ಕೆ ಮಾತ್ರ. ಈಗಿನ ಫಿಲ್ಮ್ ಎಲ್ಲ ಬಣ್ಣವನ್ನೂ ನೋಡುತ್ತದೆ, ಅದಕ್ಕೆ ಪೂರ್ತಿ ಕತ್ತಲೆಯೇ ಬೇಕು. ಹಾಳಾದ ಒಂದು ರೋಲ್ ಇಟ್ಟುಕೊಂಡು, ಟ್ಯಾಂಕಿನೊಳಗೆ ಕೂರುವ ರೀಲಿಗೆ ಸುತ್ತುವುದನ್ನು ಬೆಳಕಲ್ಲಿ ಕಲಿ, ಆಮೇಲೆ ಕಣ್ಣು ಮುಚ್ಚಿಕೊಂಡು ಕಲಿ. ರೀಲು ಚೂರೂ ಒದ್ದೆ ಇರಬಾರದು. ಬೆವರು ಕೈಗೂ ಫಿಲ್ಮ್ ಅಂಟಿಕೊಳ್ಳುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಎದ್ದು ಸುತ್ತು.

ಹೈಪೋ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಬೆಳ್ಳಿಯ ಲವಣವನ್ನು ಅದು ಕರಗಿಸುತ್ತದೆ ಅಂತ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ. ಇಂದಿಗೂ ಕೆಲಸ ಅದೇ. ಫಿಲ್ಮಿನ ತುದಿಯ ಚೂರೊಂದನ್ನು ಹೈಪೋದಲ್ಲಿ ಹಾಕಿ, ಅದು ತಿಳಿಯಾಗಲು ಎಷ್ಟು ಹೊತ್ತು ಬೇಕು ನೋಡು. ಅದರ ಎರಡರಷ್ಟು ಹೊತ್ತು ನಿನ್ನ ಫಿಲ್ಮನ್ನು ಬಿಡು. ಚೂರು ತಿಳಿಯಾಗುವ ಹೊತ್ತು ದಿನದಿಂದ ದಿನಕ್ಕೆ ಬೆಳೆದು ಮೊದಲಿನ ಎರಡರಷ್ಟಾದರೆ ಹೈಪೋ ಸೋತಿದೆ ಅಂತ ಲೆಕ್ಕ, ಹೊಸದು ಮಾಡು. ಹಳೇ ಮದುವೆ ಆಲ್ಬಮ್ಮುಗಳಲ್ಲಿ ಹಳದಿ, ಕಂದು ಕಲೆ ನೋಡಿರುತ್ತೀಯ. ಸೋತ ಹೈಪೋ ಅಥವಾ ಅರೆಬರೆ ತೊಳೆದದ್ದು, ಬಹುಪಾಲು ಕಾರಣ ಇವೇ. ಎಷ್ಟೋ ಮನೆಗಳಲ್ಲಿ ಅಜ್ಜಿಯದು ಅಂತ ಇರುವುದು ಅದೊಂದೇ ಫೋಟೋ. ಹೊರಗೆ ಗಿರಾಕಿ ಕಾಯುತ್ತಿದ್ದರೂ ನಾನು ತೊಳೆಯುವುದನ್ನು ಬೇಗ ಮುಗಿಸುತ್ತಿರಲಿಲ್ಲ. ಬಳಸಿದ ಹೈಪೋದಲ್ಲಿ ಬೆಳ್ಳಿ ಇರುತ್ತದೆ. ಗಿಡಕ್ಕೆ, ಚರಂಡಿಗೆ ಸುರಿಯಬೇಡ. ಕ್ಯಾನಿನಲ್ಲಿ ತುಂಬಿಡು, ಬೆಳ್ಳಿ ತೆಗೆಯುವವರು ಕೊಳ್ಳುತ್ತಾರೆ.

ಫಿಲ್ಮ್, ಡೆವಲಪರ್ ಎರಡನ್ನೂ ಪದೇ ಪದೇ ಬದಲಾಯಿಸಬೇಡ. ನೀನು ಯಾವ ನೆರಳನ್ನು ಹೇಗೆ ಅಳೆದೆ, ಎಷ್ಟು ನಿಮಿಷ ತೊಳೆದೆ, ನೀರು ಎಷ್ಟು ಡಿಗ್ರಿ ಇತ್ತು, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದಿಡು. ಮೂರೂ ಒಟ್ಟಿಗೆ ಬದಲಾದರೆ ತಪ್ಪಾದದ್ದು ಎಲ್ಲಿ ಅಂತ ಹೇಗೆ ಗೊತ್ತಾಗಬೇಕು, ಹೇಳು? ನಮ್ಮ ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಫಿಲ್ಮ್, ಕಾಗದ ಸಿಗುತ್ತಿತ್ತು. ಆ ಕಾರ್ಖಾನೆ ಮುಚ್ಚಿತು. ಈಗ ಹೊರಗಿನಿಂದ ಬರುವ ರೋಲಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ.

ಮುಂದಿನ ತಿಂಗಳು ಕೋಟೆ ಫೋಟೋ ತೆಗೆಯಲು ಬರುತ್ತೀಯಂತೆ. ಮಧ್ಯಾಹ್ನದ ಬಂಡೆ ಬಿಸಿಲು ಫಿಲ್ಮಿಗೆ ಬಹಳ ಕಷ್ಟ. ಒನಕೆ ಓಬವ್ವನ ಕಿಂಡಿಯ ಒಳಗೆ ಕಪ್ಪು ನೆರಳು, ಹೊರಗೆ ಕಣ್ಣು ಕೋರೈಸುವ ಬೆಳಕು. ನೆರಳಲ್ಲಿ ಫಿಲ್ಮಿಗೆ ದಾಖಲಾಗದ್ದನ್ನು ನಾನು ಡಾರ್ಕ್‌ರೂಮಿನಲ್ಲಿ ಹುಟ್ಟಿಸಲಾರೆ. 400 ವೇಗದ (ಐಎಸ್ಒ) ಫಿಲ್ಮನ್ನು ಕ್ಯಾಮೆರಾದಲ್ಲಿ 200 ಅಂತ ಇಟ್ಟುಕೊಂಡು ತೆಗೆ, ತೊಳೆಯುವಾಗ ಹೊತ್ತನ್ನು ಐದರಲ್ಲಿ ಒಂದು ಪಾಲು ಕಡಿಮೆ ಮಾಡು. ಬಂಡೆಯ ಮೈ, ಗೋಡೆಯ ಕಲ್ಲಿನ ಸಂದು, ಎರಡೂ ಉಳಿಯುತ್ತವೆ. ಕೋಟೆಯೊಳಗಿನ ತಣ್ಣೀರು ದೋಣಿ ಅನ್ನುವ ನೀರಿನ ತಾಣದ ಹತ್ತಿರ ಸಂಜೆ ಹೋಗು.

ಪ್ರಿಂಟ್ ಹಾಕುವುದನ್ನು ಬರೆದು ಕಲಿಸಲಾಗದು, ಪಕ್ಕದಲ್ಲಿ ನಿಲ್ಲಬೇಕು. ಒಂದು ಮಾತು ಮಾತ್ರ ಈಗಲೇ ಹೇಳುತ್ತೇನೆ: ಕಾಗದದಲ್ಲಿ ಚಿತ್ರ ಕಪ್ಪಾಗುತ್ತಿದೆ ಅಂತ ಹೆದರಿ ಟ್ರೇಯಿಂದ ಬೇಗ ಎತ್ತಬೇಡ. ಪೂರ್ತಿ ಹೊತ್ತು ಬಿಡು. ಕಪ್ಪು ಜಾಸ್ತಿಯಾದರೆ, ನೆಗೆಟಿವಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರಿನಲ್ಲಿ ಬೆಳಕು ಕಡಿಮೆ ಕೊಟ್ಟು ಇನ್ನೊಂದು ಹಾಕಬೇಕು. ಬೇಗ ಎತ್ತಿದ ಪ್ರಿಂಟಿನಲ್ಲಿ ಕಪ್ಪೂ ಇರುವುದಿಲ್ಲ, ಬಿಳುಪೂ ಇರುವುದಿಲ್ಲ, ಬೂದಿ ಬಳಿದಂತಿರುತ್ತದೆ.

ನಮ್ಮ ಎನ್‌ಲಾರ್ಜರ್ ಇನ್ನೂ ಚೆನ್ನಾಗಿದೆ, ಮಾವ ಬಲ್ಬ್ ಬದಲಾಯಿಸಿದ್ದಾರೆ. ನೆಗೆಟಿವ್‌ಗಳನ್ನು ಕಾಗದದ ಕವರಿನಲ್ಲಿ ಇಟ್ಟು ತಾ, ಸುತ್ತಿ ಡಬ್ಬಿಗೆ ತುರುಕಬೇಡ. ಹೊರಡುವ ಹಿಂದಿನ ದಿನ ಫೋನ್ ಮಾಡು. ಡೆವಲಪರ್ ಪುಡಿಯನ್ನು ಬಿಸಿನೀರಲ್ಲಿ ಕಲೆಸಿ ಒಂದು ರಾತ್ರಿ ಆರಲು ಬಿಡಬೇಕು.

ಇಂತಿ,
ನಿನ್ನ ಅತ್ತೆ