ಮಕ್ಕಳಿಗೆ ನಗೆ ಕಥೆ ಬರೆಯಲು ಕಲಿಸೋಣ

ಮಾನ್ಯ ಸಂಪಾದಕರೇ,

ಬೇಸಿಗೆ ಶಿಬಿರವಿರಲಿ, ಶಾಲೆಯ ಕಥಾ ಸ್ಪರ್ಧೆಯಿರಲಿ, ಮಕ್ಕಳು ಬರೆಯುವ ಕಥೆಯಲ್ಲಿ ಒಬ್ಬ ಸೋಮಾರಿ ಹುಡುಗ ಇರುತ್ತಾನೆ, ಕೊನೆಗೆ ಬುದ್ಧಿ ಕಲಿಯುತ್ತಾನೆ. ಅದೇ ಮಕ್ಕಳು ಊಟದ ಬಿಡುವಿನಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾರೆ. ಹಾಸ್ಯ ಹುಟ್ಟಿನಿಂದಲೇ ಬರಬೇಕು, ಕಲಿಸೋಕೆ ಆಗಲ್ಲ ಅನ್ನುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ.

ಐದನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಿದ್ದಳು: "ಮಾವ ಬಸ್ಸಿನಲ್ಲಿ ಹಲಸಿನ ಹಣ್ಣು ತಂದರು. ತುಂಬಾ ತಮಾಷೆ ಆಯಿತು. ಎಲ್ಲರೂ ನಕ್ಕರು." ಹಣ್ಣು ಎಲ್ಲಿಟ್ಟಿದ್ದರು, ಬಸ್ಸು ಎಲ್ಲಿಂದ ಎಲ್ಲಿಗೆ, ಕಂಡಕ್ಟರ್ ಏನಂದರು ಅಂತ ಕೇಳಿದೆ, ಅಷ್ಟೇ. ಮತ್ತೆ ಬರೆದು ತಂದಳು. ಮಣಿಪಾಲದಿಂದ ಉಡುಪಿಗೆ ಇಳಿಜಾರು ಅಲ್ವಾ, ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಹಿಂದಿನ ಸೀಟಿನ ಅಡಿಯಿದ್ದ ಹಣ್ಣು ಒಂದೊಂದೇ ಸೀಟು ಮುಂದೆ ಉರುಳುತ್ತದೆ, ಮಾವ ಅದು ತನ್ನದೇ ಅಲ್ಲ ಎಂಬಂತೆ ಕಿಟಕಿಯಾಚೆ ನೋಡುತ್ತಾರೆ, ಕಲ್ಸಂಕ ಬರುವಾಗ ಅದು ಕಂಡಕ್ಟರ್ ಕಾಲಬುಡದಲ್ಲಿ. "ಇದು ಯಾರ್ದು ಮಾರಾಯ್ರೆ, ಟಿಕೆಟ್ ಆಗಿದೆಯಾ?" 'ಎಲ್ಲರೂ ನಕ್ಕರು' ಅನ್ನುವ ಸಾಲನ್ನು ಅವಳೇ ಹೊಡೆದುಹಾಕಿದ್ದಳು. ಓದಿದಾಗ ಇಡೀ ಕ್ಲಾಸೇ ನಕ್ಕಿತು.

ನಮ್ಮ ಊರಿನಲ್ಲಂತೂ ಇದಕ್ಕೆ ಪಾಠ ಹುಡುಕಿಕೊಂಡು ಹೋಗಬೇಕಿಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರರು ಮಾಡುವ ದೂತನ ವೇಷ ನೋಡಿ. ತುರ್ತು ಸುದ್ದಿ ತಂದವನು ಅದನ್ನು ಹೇಳುವುದು ಬಿಟ್ಟು ತಾನು ನಡೆದುಬಂದ ದಾರಿಯ ಕಥೆ ಶುರುಮಾಡುತ್ತಾನೆ. ರಾಜನಿಗೆ ಗಡಿಬಿಡಿ, ಇವನಿಗೆ ಬೇಕಾದಷ್ಟು ಪುರುಸೊತ್ತು. ಇಷ್ಟನ್ನೇ ಮಕ್ಕಳಿಗೆ ಕೊಟ್ಟು, ಒಬ್ಬನಿಗೆ ಅವಸರ ಇನ್ನೊಬ್ಬನಿಗೆ ಇಲ್ಲ, ಬರೆಯಿರಿ ಅಂದರೆ ಸಾಕು. ರೇಷನ್ ಅಂಗಡಿ, ಬ್ಯಾಂಕು, ಅಜ್ಜಿಮನೆಯ ಅಡುಗೆಮನೆ, ಎಲ್ಲ ಬರುತ್ತವೆ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. ದಪ್ಪಗಿದ್ದವರನ್ನು, ಕಪ್ಪಗಿದ್ದವರನ್ನು, ತೊದಲುವವರನ್ನು ಆಡಿಕೊಳ್ಳುವುದೇ ಹಾಸ್ಯ ಅಂತ ಟಿವಿ, ರೀಲ್ಸ್ ನೋಡಿ ಎಷ್ಟೋ ಮಕ್ಕಳು ತಿಳಿದುಕೊಂಡಿದ್ದಾರೆ. ಬೈದು ಪ್ರಯೋಜನವಿಲ್ಲ. ಈ ಕಥೆಯನ್ನು ಅವರ ಎದುರೇ ಓದುತ್ತೀಯಾ ಅಂತ ಕೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ.

ಕನ್ನಡದಲ್ಲಿ 1942ರಲ್ಲೇ ಡಾ. ಎಂ. ಶಿವರಾಂ 'ಕೊರವಂಜಿ' ಎಂಬ ಹಾಸ್ಯ ಪತ್ರಿಕೆ ಶುರುಮಾಡಿದ್ದರು. ಪತ್ರಿಕೆಯೇ ಬೇಕು ಅಂತ ನಾನು ಕೇಳುತ್ತಿಲ್ಲ. ನಿಮ್ಮ ಮಕ್ಕಳ ಪುಟದಲ್ಲಿ ವಾರಕ್ಕೊಂದು ನಗೆ ಕಥೆಗೆ ಜಾಗ ಕೊಡಿ, ಕೆಳಗೆ ಬರೆದ ಮಗುವಿನ ಹೆಸರು, ಶಾಲೆ ಹಾಕಿ. ದೊಡ್ಡವರು ತಿದ್ದಿ ಚೆಂದ ಮಾಡಿ ಕಳಿಸಬಾರದು ಅಂತಲೂ ದಯವಿಟ್ಟು ಪ್ರಕಟಿಸಿ.

- ಒಬ್ಬ ಕನ್ನಡ ಟೀಚರ್, ಉಡುಪಿ