ಒಸಡಿನೊಳಗಿನ ಪೊರೆ ಯಾವುದರಿಂದ ಮಾಡಿದ್ದು, ರೋಗಿಗೆ ಹೇಳಿ

ಮಾನ್ಯ ಸಂಪಾದಕರೇ,

ನಾನು ಒಸಡಿನ ಚಿಕಿತ್ಸೆ ಮಾಡುವ ದಂತವೈದ್ಯೆ. ಹಲ್ಲಿನ ಸುತ್ತಲ ಮೂಳೆ ಕರಗಿದಾಗ ಆ ಗುಂಡಿಯನ್ನು ಶುಚಿಮಾಡಿ, ತೆಳುವಾದ ಪೊರೆ ಮುಚ್ಚಿ ಹೊಲಿಗೆ ಹಾಕುತ್ತೇವೆ. ಒಸಡು ಬೇಗ ಬೆಳೆಯುತ್ತದೆ, ಮೂಳೆ ನಿಧಾನ. ಪೊರೆ ಇಲ್ಲದಿದ್ದರೆ ಮೂಳೆಯ ಜಾಗವನ್ನು ಒಸಡೇ ತುಂಬಿಬಿಡುತ್ತದೆ. 1982ರಲ್ಲಿ ಸ್ವೀಡನ್ನಿನ ದಂತವೈದ್ಯ ನೈಮನ್ ಮತ್ತು ಸಂಗಡಿಗರು ಮನುಷ್ಯರಲ್ಲಿ ಈ ವಿಧಾನವನ್ನು ವರದಿ ಮಾಡಿದರು.

ಈಗ ಜಾಸ್ತಿ ಬಳಸುವುದು ಕೊಲಾಜೆನ್ ಪೊರೆ. ಕೊಲಾಜೆನ್ ಎಂದರೆ ಚರ್ಮ, ಮೂಳೆಗಳಲ್ಲಿರುವ ಒಂದು ಪ್ರೋಟೀನ್. ಒಣಗಿದ್ದಾಗ ಕಾಗದದಂತೆ ಗಡುಸು. ರಕ್ತ ತಾಗಿದರೆ ಮೆತ್ತಗಾಗಿ ಮೂಳೆಗೆ ಅಂಟಿಕೊಳ್ಳುತ್ತದೆ. ತಾನೇ ಕರಗುತ್ತದೆ. ಕರಗದ ಟೆಫ್ಲಾನ್ ಬಗೆಯದಾದರೆ ತೆಗೆಯಲು ಇನ್ನೊಂದು ಆಪರೇಷನ್ ಬೇಕು.

ಆದರೆ ಈ ಕೊಲಾಜೆನ್ ಹೆಚ್ಚಾಗಿ ಬರುವುದು ದನ ಅಥವಾ ಹಂದಿಯಿಂದ. ಇದನ್ನು ರೋಗಿಗೆ ಮೊದಲೇ ಹೇಳಬೇಕು, ಅಲ್ವಾ? ಬೇರೆಡೆ ಚಿಕಿತ್ಸೆ ಪಡೆದು ನನ್ನಲ್ಲಿಗೆ ಬಂದ ಹಿರಿಯರೊಬ್ಬರಿಗೆ ಯಾರೂ ಹೇಳಿರಲಿಲ್ಲ. ಅವರು ಸಹಿ ಹಾಕಿದ್ದ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ವಿಷಯ ತಿಳಿದು ತುಂಬಾ ನೊಂದುಕೊಂಡರು. ಬೇಡ ಎನ್ನುವವರಿಗೆ ಕರಗುವ ಕೃತಕ ಪೊರೆಗಳಿವೆ. ಕೆಲವರಿಗೆ ಅವರದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ಮಾಡಿದ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಪೊರೆಯೂ ಆದೀತು, ಅದು ಬೇಗ ಕರಗುತ್ತದೆ ಅಷ್ಟೆ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಪೊರೆ ಯಾವುದರಿಂದ ಮಾಡಿದ್ದು, ಬೆಲೆ ಎಷ್ಟು ಎಂಬುದನ್ನು ಅದರಲ್ಲೇ ಬರೆಯಲಿ.

– ಒಬ್ಬ ದಂತವೈದ್ಯೆ, ದಾವಣಗೆರೆ